ಗೋವಾ ವಿಮಾನ ನಿಲ್ದಾಣಕ್ಕೆ ಆನ್‌ಲೈನ್‌ನಲ್ಲಿ ಗಾಡಿ ಗೊತ್ತುಮಾಡುವ ಬೆಳಗಾವಿಯವರ ಗಮನಕ್ಕೆ

ಬೆಳಗಾವಿಯಿಂದ ವಿದೇಶಕ್ಕೆ ಹೊರಡುವವರಲ್ಲಿ ಅನೇಕರು ಗೋವಾದಿಂದ ವಿಮಾನ ಹಿಡಿಯುತ್ತಾರೆ. ನಮ್ಮ ಸಾಂಬ್ರಾ ನಿಲ್ದಾಣದಿಂದ ದೇಶದೊಳಗಿನ ಊರುಗಳಿಗೆ ಮಾತ್ರ ವಿಮಾನಗಳಿವೆ, ಬೆಂಗಳೂರು ಐನೂರು ಕಿಲೋಮೀಟರ್ ದೂರದಲ್ಲಿದೆ, ಗೋವಾ ಮಾತ್ರ ಘಟ್ಟ ಇಳಿದರೆ ಸಿಗುತ್ತದೆ. ಹೀಗೆ ಹೋಗುವವರಿಗಾಗಿ ‘ಮನೆಯ ಬಾಗಿಲಿನಿಂದ ವಿಮಾನ ನಿಲ್ದಾಣದ ಬಾಗಿಲಿಗೆ, ನಿಮಗಷ್ಟೇ ಮೀಸಲಾದ ಗಾಡಿ’ ಎಂದು ಆಶ್ವಾಸನೆ ಕೊಡುವ ಜಾಲತಾಣಗಳು ಈಗ ಹಲವು ಹುಟ್ಟಿಕೊಂಡಿವೆ. ಅಂಥದೊಂದು ತಾಣದಲ್ಲಿ ಗೊತ್ತುಮಾಡಿದ ಗಾಡಿಯಿಂದ ಕಳೆದ ಮಳೆಗಾಲದಲ್ಲಿ ನನ್ನ ಅಕ್ಕ ಮತ್ತು ಭಾವನವರು ವಿಮಾನವನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದರು. ಅದೇ ದಾರಿಯಲ್ಲಿ ಹೊರಡಲಿರುವ ಇತರರಿಗೆ ಉಪಯೋಗವಾದೀತೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಿರಲಿ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ಹಳೆಯದು ವಾಸ್ಕೋ ಹತ್ತಿರದ ದಾಬೋಳಿಮ್. ಅದು ನೌಕಾಪಡೆಯ ನೆಲೆಯೊಳಗೇ ಇದೆ. ಹೊಸದು ಉತ್ತರ ಗೋವಾದ ಪೆರ್ನೆಮ್ ತಾಲೂಕಿನ ಮೋಪಾದಲ್ಲಿದೆ. ಮನೋಹರ ಪರ್ರೀಕರ್ ಅವರ ಹೆಸರನ್ನು ಹೊತ್ತ ಈ ನಿಲ್ದಾಣ 2022ರ ಡಿಸೆಂಬರ್ 11ರಂದು ಉದ್ಘಾಟನೆಯಾಗಿ, 2023ರ ಜನವರಿ 5ರಿಂದ ವಿಮಾನಗಳನ್ನು ಬರಮಾಡಿಕೊಳ್ಳುತ್ತಿದೆ. ಎರಡರ ನಡುವೆ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಅಂತರವಿದೆ. ಟಿಕೆಟ್‌ಗಳಲ್ಲಿ ದಾಬೋಳಿಮ್‌ಗೆ ‘ಜಿಒಐ’, ಮೋಪಾಕ್ಕೆ ‘ಜಿಒಎಕ್ಸ್’ ಎಂಬ ಸಂಕೇತವಿರುತ್ತದೆ. ಮೂರನೆಯ ಅಕ್ಷರ ಕಣ್ಣಿಗೆ ಬೀಳದಿದ್ದರೆ ಎರಡೂ ಒಂದೇ ಎನ್ನಿಸುತ್ತದೆ.

ಅಕ್ಕನ ಮಗಳು ಕೊಲ್ಲಿ ದೇಶದಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಅಕ್ಕ, ಭಾವ ಹೊರಟಿದ್ದರು. ಬೆಳಗಿನ ಜಾವದ ವಿಮಾನ, ಮೋಪಾದಿಂದ. ಅಂಟಿನ ಉಂಡಿ, ಕೊಬ್ಬರಿ, ಖಾರಪುಡಿ, ಹಳೆಯ ಸೀರೆಗಳ ಕೌದಿ ಎಂದು ಸೂಟ್‌ಕೇಸುಗಳು ತುಂಬಿ ಬಿರಿಯುತ್ತಿದ್ದವು. ಆದ್ದರಿಂದ ದೊಡ್ಡ ಗಾಡಿಯೇ ಬೇಕೆಂದು ಅಳಿಯ ಅಲ್ಲಿಂದಲೇ ಆ ತಾಣದಲ್ಲಿ ಇನ್ನೋವಾ ಕಾಯ್ದಿರಿಸಿದ. ಒಟ್ಟು 7,800 ರೂಪಾಯಿ. ಟೋಲ್, ಪಾರ್ಕಿಂಗ್, ಪರ್ಮಿಟ್, ಚಾಲಕನ ಬಾಟಾ ಎಲ್ಲವೂ ಸೇರಿಯೇ ಈ ದರ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ವಿಮಾನದ ಸಂಖ್ಯೆಯನ್ನೂ ಕೇಳಿದ್ದರು, ಅವನು ಕೊಟ್ಟಿದ್ದ. 2,800 ರೂಪಾಯಿ ಮುಂಗಡವನ್ನು ಯುಪಿಐ ಮೂಲಕ ಇಲ್ಲಿಂದ ಭಾವನವರು ಕಳಿಸಿದರು. ಹಣ ಕಳಿಸುವಾಗ ಪರದೆಯ ಮೇಲೆ ಕಂಡದ್ದು ಕಂಪನಿಯ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ಅದರ ಬಗ್ಗೆ ಕೇಳಿದ್ದಕ್ಕೆ ‘ನಮ್ಮ ಅಕೌಂಟ್ಸ್ ವಿಭಾಗದವರು’ ಎಂಬ ಉತ್ತರ ವಾಟ್ಸಾಪ್‌ನಲ್ಲಿ ಬಂತು.

ಮುಂಗಡ ಸಂದಾಯವಾದ ಮೇಲೆ ಬಂದ ರಸೀದಿಯಲ್ಲಿ ಪ್ರಯಾಣಿಕರ ಹೆಸರು, ದಿನಾಂಕ, ಹೊರಡುವ ಹೊತ್ತು ಇದ್ದವು. ಗಾಡಿಯ ನಂಬರ್ ಇರಲಿಲ್ಲ, ಚಾಲಕನ ಹೆಸರಿರಲಿಲ್ಲ, ಗಾಡಿ ಯಾರದು ಎಂಬುದೂ ಇರಲಿಲ್ಲ. ‘ಇನ್ನೋವಾ ಅಥವಾ ತತ್ಸಮಾನ’ ಎಂದಿತ್ತು. ತಲುಪುವ ಸ್ಥಳ ಎಂಬಲ್ಲಿ ‘ಗೋವಾ ಏರ್‌ಪೋರ್ಟ್’ ಎಂದಷ್ಟೇ ಇದ್ದು, ಅದರ ಪಕ್ಕದಲ್ಲಿ ಸಣ್ಣದಾಗಿ ‘ಜಿಒಐ’ ಎಂದು ಮುದ್ರಿತವಾಗಿತ್ತು. ಮೋಪಾದ ವಿಮಾನದ ಸಂಖ್ಯೆಯನ್ನು ತಾವೇ ಕೇಳಿ ಪಡೆದು, ಅದೇ ರಸೀದಿಯ ಇನ್ನೊಂದು ಸಾಲಿನಲ್ಲಿ ಅಚ್ಚುಹಾಕಿ, ಕೆಳಗೆ ದಾಬೋಳಿಮ್‌ನ ಸಂಕೇತವನ್ನು ಕೊಟ್ಟಿದ್ದರು. ಆ ಸಂಖ್ಯೆಯನ್ನು ಅವರ ಕಡೆಯಲ್ಲಿ ಯಾರೂ ಓದಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಅದನ್ನು ಕೇಳುವುದು ಗ್ರಾಹಕರಲ್ಲಿ ವಿಶ್ವಾಸ ಹುಟ್ಟಿಸುವುದಕ್ಕೆ ಮಾತ್ರ ಇರಬೇಕು.

ಚಾಲಕನ ವಿವರ ‘ಪ್ರಯಾಣಕ್ಕೆ ಎರಡು ಗಂಟೆ ಮೊದಲು’ ಬರಬೇಕಿತ್ತು. ಬರಲಿಲ್ಲ. ರಾತ್ರಿ ಹತ್ತಕ್ಕೆ ಹೊರಡಬೇಕಾದ ಗಾಡಿಯ ಬಗ್ಗೆ ಒಂಬತ್ತೂವರೆಯವರೆಗೆ ಯಾವ ಸುದ್ದಿಯೂ ಇರಲಿಲ್ಲ. ಕೊನೆಗೆ ಬಂದದ್ದು ಇನ್ನೋವಾ ಅಲ್ಲ, ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಇದ್ದ ಸಣ್ಣ ಕಾರು. ಅದೂ ನಮ್ಮ ಶಹಾಪುರದ ಓಣಿಯೊಳಗೆ ಬರಲಿಲ್ಲ. ದೊಡ್ಡ ರಸ್ತೆಯಲ್ಲೇ ನಿಂತಿತು. ಜಿಟಿಜಿಟಿ ಮಳೆಯಲ್ಲಿ ಸಾಮಾನನ್ನು ನಾವೇ ಹೊತ್ತು ಒಯ್ದೆವು. ತಾಣದ ಷರತ್ತುಗಳನ್ನು ಆಮೇಲೆ ತೆಗೆದು ನೋಡಿದರೆ, ಮನೆಯ ಬಾಗಿಲು ಎಂಬುದಕ್ಕೆ ‘ಚಾಲಕನ ಅಭಿಪ್ರಾಯದಲ್ಲಿ ವಾಹನ ಸುರಕ್ಷಿತವಾಗಿ ತಲುಪಬಹುದಾದ ಸ್ಥಳ’ ಎಂಬ ವಿವರಣೆಯಿತ್ತು. ಬೆಳಗಾವಿಯ ಹಳೆಯ ಓಣಿಗಳಲ್ಲಿ ಇರುವವರು ಈ ಒಂದು ಸಾಲನ್ನು ಗಮನಿಸಿ.

ಎರಡು ಸೂಟ್‌ಕೇಸ್ ಡಿಕ್ಕಿಯ ಉಳಿದ ಜಾಗದಲ್ಲಿ, ಒಂದು ಮುಂದಿನ ಸೀಟಿನಲ್ಲಿ ಅಕ್ಕನ ಕಾಲಬುಡದಲ್ಲಿ, ಇನ್ನೊಂದು ಹಿಂದೆ ನನ್ನ ಮತ್ತು ಭಾವನವರ ನಡುವೆ ಕುಳಿತವು. ಬೀಳ್ಕೊಟ್ಟು ಬರಲೆಂದು ನಾನೂ ಜೊತೆಗೆ ಹೊರಟಿದ್ದೆ. ಗಾಡಿಗೆ ಇದ್ದದ್ದು ಬಿಳಿ ನಂಬರ್ ಪ್ಲೇಟ್. ಬಾಡಿಗೆ ಗಾಡಿಯಾದರೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ ಇರಬೇಕು, ವಿದ್ಯುತ್ ಚಾಲಿತ ಬಾಡಿಗೆ ಗಾಡಿಗೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ. ಬೇರೆ ಗಾಡಿ ಹುಡುಕಲು ಆ ಹೊತ್ತಿನಲ್ಲಿ ಸಮಯವಿರಲಿಲ್ಲ. ಇಂಥ ವ್ಯವಹಾರ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿದೆ. ವಿಮಾನದ ಹೊತ್ತು ತಲೆಯ ಮೇಲಿರುವವನು ಚೌಕಾಸಿ ಮಾಡಲಾರ.

ಪೀರನವಾಡಿ, ಕಿಣಯೆ, ಜಾಂಬೋಟಿ ದಾಟಿ ಕಣಕುಂಬಿಯತ್ತ ಹೋದೆವು. ಮಲಪ್ರಭೆ ಹುಟ್ಟುವ ಈ ಭಾಗದಲ್ಲಿ ಮಳೆಗಾಲದ ರಾತ್ರಿಯ ಪ್ರಯಾಣ ಎಂಥದ್ದೆಂದು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. ಚೋರ್ಲಾ ಘಟ್ಟದಲ್ಲಿ ಮಂಜು ದೀಪದ ಬೆಳಕನ್ನೇ ನುಂಗುತ್ತಿತ್ತು, ಮೊಬೈಲ್ ಸಿಗ್ನಲ್ ಎಷ್ಟೋ ದೂರ ಇರಲಿಲ್ಲ. ಚಾಲಕ ಖಾನಾಪುರ ಕಡೆಯ ಹುಡುಗ, ಬೆಳಿಗ್ಗೆಯಷ್ಟೇ ಪುಣೆಯಿಂದ ಬಂದವನು, ಆಕಳಿಕೆ ತಡೆಯಲಾರದೆ ಗಾಡಿಯ ಕಿಟಕಿ ಇಳಿಸಿಕೊಂಡಿದ್ದ. ಅವನನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಗೋವಾದ ಕೇರಿ ಚೆಕ್‌ಪೋಸ್ಟ್ ಹತ್ತಿರ ಬರುತ್ತಿದ್ದಂತೆ ಅವನು ಹೇಳಿದ ಮಾತು ಭಾವನವರನ್ನು ಕಂಗೆಡಿಸಿತು: “ಯಾರರ ಕೇಳಿದ್ರ ನಮ್ಮ ಸಂಬಂಧಿಕರ ಗಾಡಿ ಅಂತ ಹೇಳ್ರಿ ಅಜ್ಜಾರ. ಬಾಡಿಗಿ ಅನ್ನಬ್ಯಾಡ್ರಿ.”

ಈ ಸುಳ್ಳನ್ನು ಏಕೆ ಹೇಳಬೇಕಾಗುತ್ತದೆ ಎಂಬುದನ್ನು ಓದುಗರು ತಿಳಿದಿರಬೇಕು. ಪರ್ಮಿಟ್ ಇಲ್ಲದ ಗಾಡಿಯನ್ನು ಬಾಡಿಗೆಗೆ ಓಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮು ತಡೆಯುತ್ತದೆ. 192-ಎ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಮೊದಲ ತಪ್ಪಿಗೇ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ಶಿಕ್ಷೆ ಗಾಡಿಯವರಿಗೇ ಆದರೂ, ಗಾಡಿಯನ್ನು ಅಲ್ಲೇ ತಡೆದು ನಿಲ್ಲಿಸಿದರೆ ನಡುರಾತ್ರಿ ಘಟ್ಟದ ಬುಡದಲ್ಲಿ ಸೂಟ್‌ಕೇಸುಗಳೊಂದಿಗೆ ನಿಲ್ಲುವವರು ಪ್ರಯಾಣಿಕರು. ಇದಕ್ಕಿಂತ ಗಂಭೀರವಾದದ್ದು ವಿಮೆಯ ಮಾತು. ಖಾಸಗಿ ಕಾರಿನ ವಿಮಾ ಪಾಲಿಸಿ ಬಾಡಿಗೆಯ ಬಳಕೆಯನ್ನು ಹೊರಗಿಡುತ್ತದೆ. ಅಪಘಾತವಾದರೆ ‘ಗಾಡಿ ಬಾಡಿಗೆಗೆ ಓಡುತ್ತಿತ್ತು’ ಎಂಬ ಕಾರಣಕ್ಕೆ ವಿಮಾ ಕಂಪನಿ ತಕರಾರು ತೆಗೆಯಬಹುದು, ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯ ತಿರುಗಬೇಕಾಗಬಹುದು. ಚೋರ್ಲಾದಂಥ ತಿರುವುಗಳ ರಸ್ತೆಯಲ್ಲಿ, ನಿದ್ದೆಗೆಟ್ಟ ಚಾಲಕನ ಹಿಂದೆ ಕುಳಿತಾಗ ಇದು ಬರೀ ಕಾನೂನಿನ ಚರ್ಚೆಯಾಗಿ ಉಳಿಯುವುದಿಲ್ಲ.

ಚೆಕ್‌ಪೋಸ್ಟಿನಲ್ಲಿ ಯಾರೂ ತಡೆಯಲಿಲ್ಲ. ತೊಡಕು ಬಂದದ್ದು ಸಾಖಳಿಯಲ್ಲಿ. ಅಲ್ಲಿಂದ ಮೋಪಾದ ದಾರಿ ಉತ್ತರಕ್ಕೆ, ದಾಬೋಳಿಮ್‌ನ ದಾರಿ ದಕ್ಷಿಣಕ್ಕೆ. ಗಾಡಿ ಫೋಂಡಾದ ಕಡೆ ತಿರುಗಿದ್ದನ್ನು ಕಂಡು ಕೇಳಿದರೆ, “ನನಗ ದಾಬೋಳಿಮ್ ಅಂತ ಹೇಳಿ ಕಳಿಸ್ಯಾರ್ರಿ” ಎಂದ. ಗಾಡಿ ಬದಿಗೆ ನಿಂತಿತು. ಅವನು ತನ್ನ ಮಾಲೀಕನಿಗೆ ಫೋನ್ ಮಾಡಿದ, ಮಾಲೀಕ ಇನ್ನೊಬ್ಬನಿಗೆ, ಆ ಇನ್ನೊಬ್ಬ ಮತ್ತೊಬ್ಬನಿಗೆ. ಕೊನೆಗೆ ಬಂದ ತೀರ್ಪು: ಇದು ‘ಸ್ಥಳ ಬದಲಾವಣೆ’, 1,500 ರೂಪಾಯಿ ಹೆಚ್ಚುವರಿ ಕೊಟ್ಟರೆ ಮಾತ್ರ ಗಾಡಿ ಮೋಪಾಕ್ಕೆ ಹೋಗುತ್ತದೆ. ಸಾಖಳಿಯಿಂದ ನೋಡಿದರೆ ದಾಬೋಳಿಮ್‌ಗಿಂತ ಮೋಪಾವೇ ಹತ್ತಿರ. ಕಡಿಮೆ ದೂರ ಓಡಿಸುವುದಕ್ಕೆ ಹೆಚ್ಚು ಹಣ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ವಿದೇಶದ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ, ಕೆಲವು ಕಂಪನಿಗಳಲ್ಲಿ ಅದಕ್ಕೂ ಮುಂಚೆ, ಮುಚ್ಚುತ್ತದೆ. ಭಾವನವರು ವಾದಕ್ಕೆ ನಿಲ್ಲಲಿಲ್ಲ, ಹಣ ಕಳಿಸಿದರು. ಅದೂ ಮತ್ತೊಬ್ಬ ವ್ಯಕ್ತಿಯ ಖಾತೆಗೆ. ನಿಲ್ದಾಣ ತಲುಪಿದಾಗ ಕೌಂಟರಿನವರು ಕೊನೆಯ ಪ್ರಯಾಣಿಕರನ್ನು ಕೂಗಿ ಕರೆಯುತ್ತಿದ್ದರು. ಅಕ್ಕ ನನಗೆ ಹೋಗಿ ಬರುತ್ತೇನೆ ಎಂದು ಹೇಳುವುದಕ್ಕೂ ಆಗಲಿಲ್ಲ.

ಗಾಡಿ ಹೇಗೂ ಖಾಲಿ ಮರಳುವುದಿತ್ತು, ನಾನು ಅದರಲ್ಲೇ ಬಂದೆ. ಹುಡುಗ ನಿದ್ದೆ ತಡೆಯಲು ಮಾತಾಡುತ್ತ ಹೋದ, ಹಾಗಾಗಿ ಈ ವ್ಯಾಪಾರದ ಒಳಗು ಒಂದಿಷ್ಟು ತಿಳಿಯಿತು. ತಾಣದವರ ಬಳಿ ಒಂದು ಗಾಡಿಯೂ ಇಲ್ಲ. ಬಂದ ಬುಕಿಂಗನ್ನು ಅವರು ಗೋವಾದ ಏಜೆಂಟನೊಬ್ಬನಿಗೆ ದಾಟಿಸುತ್ತಾರೆ, ಅವನು ಚಾಲಕರ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ, ಯಾರು ಕಡಿಮೆಗೆ ಒಪ್ಪುತ್ತಾರೋ ಅವರಿಗೆ ಬಾಡಿಗೆ ಸಿಗುತ್ತದೆ. ಹಳದಿ ಪ್ಲೇಟಿನವರು ತೆರಿಗೆ, ಪರ್ಮಿಟ್, ಫಿಟ್‌ನೆಸ್ ಖರ್ಚು ಹೊತ್ತವರಾದ್ದರಿಂದ ಆ ದರಕ್ಕೆ ಒಪ್ಪುವುದಿಲ್ಲ. ಒಪ್ಪುವವರು ಬಿಳಿ ಪ್ಲೇಟಿನವರು. ನಾವು ತೆತ್ತ 7,800ರಲ್ಲಿ ಗಾಡಿಯವನಿಗೆ ಉಳಿಯುವುದು ನಾಲ್ಕು ಸಾವಿರವಂತೆ. ಡೀಸೆಲ್ಲಿಗಿಂತ ಅಗ್ಗವೆಂದು ಗ್ಯಾಸ್ ಗಾಡಿ ಕಳಿಸಿದ್ದರ, ನಿದ್ದೆಯಿಲ್ಲದ ಚಾಲಕನನ್ನೇ ಮತ್ತೆ ಹೊರಡಿಸಿದ್ದರ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ಇಷ್ಟು ಕೈ ದಾಟುವಾಗ ‘ಮೋಪಾ’ ಎಂಬ ಮಾತು ಎಲ್ಲಿ ಉದುರಿಹೋಯಿತೆಂದು ಯಾರೂ ಹೇಳಲಾರರು.

ದೂರು ಕೊಟ್ಟೆವು. ‘ಗ್ರಾಹಕರು ಪ್ರಯಾಣದ ನಡುವೆ ಸ್ಥಳ ಬದಲಿಸಿದ್ದರಿಂದ ಹಣ ಮರಳಿಸಲಾಗದು’ ಎಂಬ ಸಿದ್ಧ ಉತ್ತರ ಬಂತು. ಮರುಪ್ರಯಾಣದ ಗಾಡಿಯನ್ನೂ ಅಳಿಯ ಅಲ್ಲೇ ಕಾಯ್ದಿರಿಸಿದ್ದ. ಅದನ್ನು ರದ್ದುಮಾಡಿದ್ದಕ್ಕೆ ಮುಂಗಡ ಮುಟ್ಟುಗೋಲಾಯಿತು. ಆ ಷರತ್ತುಗಳಲ್ಲೇ ಇನ್ನೊಂದು ವಿಷಯ ಕಂಡಿತು: ನಿಲ್ದಾಣದಲ್ಲಿ ಕಾಯುವ ಉಚಿತ ಅವಧಿಯನ್ನು ಅವರು ವಿಮಾನ ನಿಜವಾಗಿ ಇಳಿದ ಹೊತ್ತಿನಿಂದ ಎಣಿಸುವುದಿಲ್ಲ, ವೇಳಾಪಟ್ಟಿಯ ಹೊತ್ತಿನಿಂದ ಎಣಿಸುತ್ತಾರೆ. ವಿಮಾನ ತಡವಾದರೆ, ಪಾಸ್‌ಪೋರ್ಟ್ ತಪಾಸಣೆಯ ಸಾಲು ಉದ್ದವಿದ್ದರೆ, ಹೊರಗೆ ಬರುವಷ್ಟರಲ್ಲಿ ‘ಪ್ರಯಾಣಿಕರು ಬರಲಿಲ್ಲ’ ಎಂದು ಬರೆದು ಗಾಡಿ ಹೊರಟುಹೋಗಿರಬಹುದು, ಹಣವೂ ಹೋಗಿರುತ್ತದೆ.

ಈ ನಡುವೆ ಭಾವನವರ ತಮ್ಮ ಆ ತಾಣದ ಸಹಾಯವಾಣಿ ನಂಬರನ್ನು ಅಂತರ್ಜಾಲದಲ್ಲಿ ಹುಡುಕಿ ಕರೆ ಮಾಡಿದರು. ಎತ್ತಿದವನು ಬಹಳ ಮರ್ಯಾದೆಯಿಂದ ಮಾತಾಡಿ, ಹಣ ಮರಳಿಸಲು ಮೊಬೈಲಿನ ಪರದೆಯನ್ನು ಹಂಚಿಕೊಳ್ಳುವ ಆಪ್ ಹಾಕಿಕೊಂಡು ಯುಪಿಐ ಪಿನ್ ಒತ್ತಬೇಕೆಂದ. ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದೇ ಇಲ್ಲವೆಂಬುದು ಅವರಿಗೆ ಗೊತ್ತಿದ್ದುದರಿಂದ ಕರೆ ಕತ್ತರಿಸಿದರು. ಅಂಥ ಬಲೆಗೆ ಬಿದ್ದು ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಗಾಡಿಯ ತಕರಾರಿಗೆ ಬೇರೆ ದಾರಿಗಳಿವೆ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ತಾಣಗಳು ತಮ್ಮ ನಿಜವಾದ ಹೆಸರು, ವಿಳಾಸ ಮತ್ತು ಕುಂದುಕೊರತೆ ಅಧಿಕಾರಿಯ ವಿವರವನ್ನು ಪ್ರಕಟಿಸಲೇಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥಪಡಿಸಬೇಕು. ನಮ್ಮ ತಾಣದಲ್ಲಿ ಈ ಯಾವ ವಿವರವೂ ಇರಲಿಲ್ಲ. ನಿಜ ಹೇಳಬೇಕೆಂದರೆ ಹಣ ಕೊಡುವ ಮೊದಲು ನೋಡಬೇಕಾದ ಪುಟ ಅದೊಂದೇ. ಅಲ್ಲಿ ಬರೀ ವಾಟ್ಸಾಪ್ ನಂಬರ್ ಇದ್ದರೆ ಮುಂದಕ್ಕೆ ಹೋಗುವುದು ಬೇಡ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ನಂಬರ್ 1915) ಕರೆ ಮಾಡಿ ನಾವು ದೂರು ದಾಖಲಿಸಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಪ್ರಕರಣ ಹೂಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದ ಅವಧಿಯಿದೆ. ರಸೀದಿ, ಚಾಟ್, ಯುಪಿಐ ದಾಖಲೆ, ಗಾಡಿಯ ನಂಬರ್ ಪ್ಲೇಟಿನ ಚಿತ್ರ ಎಲ್ಲವನ್ನೂ ಇಟ್ಟುಕೊಂಡಿರುವುದರಿಂದ ಆ ದಾರಿ ಮುಕ್ತವಾಗಿದೆ. ಕಾರ್ಡಿನಿಂದ ಕೊಟ್ಟಿದ್ದರೆ ಬ್ಯಾಂಕಿನಲ್ಲಿಯೇ ತಕರಾರು ಎತ್ತಬಹುದಿತ್ತು. ವ್ಯಕ್ತಿಯ ಖಾತೆಗೆ ಹೋದ ಯುಪಿಐ ಹಣವನ್ನು ಮರಳಿ ಪಡೆಯುವುದು ಅಷ್ಟು ಸುಲಭವಲ್ಲ.

ಅಕ್ಕ, ಭಾವ ಮರಳುವ ದಿನಕ್ಕೆ ನಮ್ಮ ಬಡಾವಣೆಯ ಹತ್ತಿರದ ಟ್ರಾವೆಲ್ಸ್‌ನವರಲ್ಲೇ ಗಾಡಿ ಹೇಳಿದ್ದೇನೆ. ದರ ಆ ತಾಣಕ್ಕಿಂತ ಏಳುನೂರು ರೂಪಾಯಿ ಹೆಚ್ಚು. ಗಾಡಿಯ ನಂಬರನ್ನು ಈಗಲೇ ಪಡೆದು ಎಂ-ಪರಿವಾಹನ್ ಆಪ್‌ನಲ್ಲಿ ಹಾಕಿ ನೋಡಿದೆ: ಬಾಡಿಗೆ ವಾಹನವೆಂದು ನೋಂದಣಿಯಾಗಿದೆ, ವಿಮೆ ಮತ್ತು ಫಿಟ್‌ನೆಸ್ ಅವಧಿ ಮುಗಿದಿಲ್ಲ, ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆ. ಮೋಪಾದಿಂದ ಸಾವಂತವಾಡಿ, ಆಂಬೋಲಿ ಮೇಲೆ ಬಂದರೆ ಮಹಾರಾಷ್ಟ್ರವನ್ನೂ ಹಾಯಬೇಕಾದ್ದರಿಂದ ಈ ಪರ್ಮಿಟ್ ಮುಖ್ಯ. ಚೀಟಿಯಲ್ಲಿ ‘ಮೋಪಾ, ಪೆರ್ನೆಮ್ ತಾಲೂಕು’ ಎಂದೇ ಬರೆಸಿದ್ದೇನೆ, ಕಾಯುವ ಅವಧಿ ವಿಮಾನ ಇಳಿದ ಮೇಲಿನಿಂದ ಎರಡು ಗಂಟೆ ಎಂದೂ, ಮುಂಗಡ ಐನೂರು ಮಾತ್ರ, ಉಳಿದದ್ದು ಶಹಾಪುರದಲ್ಲಿ ಸಾಮಾನು ಇಳಿಸಿದ ಮೇಲೆ ಎಂದೂ ಸೇರಿಸಿದ್ದೇನೆ. ಓಣಿಯೊಳಗೆ ಗಾಡಿ ಬರುತ್ತದೆಯೇ ಎಂದು ನೋಡಲು ಟ್ರಾವೆಲ್ಸ್‌ನ ಮಾಲೀಕರು ಮೊನ್ನೆ ತಾವೇ ಬಂದು ಹೋದರು. ಗಣಪತಿ ಗುಡಿಯ ತಿರುವಿನಲ್ಲಿ ಬೈಕುಗಳನ್ನು ಸರಿಸಿದರೆ ಬರುತ್ತದಂತೆ.