ಟಿ.ಬಿ. ಮಾತ್ರೆ ನುಂಗುತ್ತಿದ್ದರೆ ಗರ್ಭನಿರೋಧಕ ಗುಳಿಗೆಯನ್ನು ನಂಬಿ ಕೂರಬೇಡಿ

ಟಿ.ಬಿ.ಗೆ ಚಿಕಿತ್ಸೆ ತಗೊಳ್ತಾ, ಜೊತೆಗೆ ಮಕ್ಕಳಾಗದಂತೆ ದಿನದ ಗುಳಿಗೆಯನ್ನೂ ನುಂಗುತ್ತಿರುವ ಹೆಣ್ಣುಮಕ್ಕಳು ದಯವಿಟ್ಟು ಇದನ್ನು ಪೂರ್ತಿ ಓದಿ. ಟಿ.ಬಿ. ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅನ್ನೋ ಔಷಧಿ ಗರ್ಭನಿರೋಧಕ ಗುಳಿಗೆಯ ಬಲ ಕುಂದಿಸುತ್ತದೆ. ಒಂದು ದಿನವೂ ತಪ್ಪಿಸದೆ ಗುಳಿಗೆ ತಗೊಂಡಿದ್ದರೂ ಬಸಿರು ನಿಲ್ಲಬಹುದು. ನನಗೆ ನಿಂತಿತು.

ಮೊದಲ ಮಗು ಇನ್ನೂ ಚಿಕ್ಕದು, ಸದ್ಯಕ್ಕೆ ಇನ್ನೊಂದು ಬೇಡ ಅಂತ ನಾನು ಮಾಲಾ-ಎನ್ ಅನ್ನೋ ಗರ್ಭನಿರೋಧಕ ಗುಳಿಗೆ ತಗೊಳ್ತಿದ್ದೆ. ಕೆಮ್ಮು ಬಿಡದೆ ಹೋದಾಗ ಕಫ ಪರೀಕ್ಷೆ ಮಾಡಿಸಿದರು, ಶ್ವಾಸಕೋಶದ ಟಿ.ಬಿ. ಅಂತ ಗೊತ್ತಾಯಿತು. ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಮೂರು. ಮಾತ್ರೆ ಕೊಡುವಾಗ ‘ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಹೆದರಬೇಡಿ’ ಅಂತ ಎರಡೆರಡು ಸಲ ಹೇಳಿದರು. ಬೇರೆ ಯಾವ ಮಾತ್ರೆ ನಡೀತಿದೆ ಅಂತ ಒಬ್ಬರೂ ಕೇಳಲಿಲ್ಲ. ಮದುವೆಯಾದ, ಕೈಯಲ್ಲಿ ಕೂಸಿರುವ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ಆ ಒಂದು ಪ್ರಶ್ನೆ ಕೇಳದಿದ್ದದ್ದು ನನಗೆ ಇವತ್ತಿಗೂ ಸಂಕಟದ ವಿಷಯ.

ಚಿಕಿತ್ಸೆ ಶುರುವಾದ ಮೇಲೆ ಮುಟ್ಟಿನ ನಡುನಡುವೆ ರಕ್ತದ ಕಲೆ ಕಾಣಿಸತೊಡಗಿತು. ಕೇಳಿದೆ. ನಿಶ್ಶಕ್ತಿ, ಚೆನ್ನಾಗಿ ಊಟ ಮಾಡಿ ಅಂದರು. ಗುಳಿಗೆ ಸರಿಯಾಗಿ ತಗೊಳ್ತಿರುವಾಗ ಹೀಗೆ ಮಧ್ಯೆ ಕಲೆ ಬೀಳುವುದು, ಗುಳಿಗೆಯ ಹಾರ್ಮೋನು ಮೈಯಲ್ಲಿ ಸಾಕಷ್ಟು ಉಳಿಯುತ್ತಿಲ್ಲ ಅನ್ನುವುದರ ಸೂಚನೆ ಇರಬಹುದು ಅಂತ ಆಮೇಲೆ ಸ್ತ್ರೀರೋಗ ತಜ್ಞೆ ವಿವರಿಸಿದರು. ರಿಫಾಂಪಿಸಿನ್ ಒಳಗೆ ಹೋದರೆ ಲಿವರ್ ಇಮ್ಮಡಿ ಚುರುಕಾಗಿ, ಗುಳಿಗೆಯ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡನ್ನೂ ಬೇಗ ಬೇಗ ಕರಗಿಸಿ ಹೊರಗೆ ಹಾಕುತ್ತದಂತೆ. ತೂತು ಬಿದ್ದ ಕೊಡಕ್ಕೆ ದಿನಾ ಒಂದೊಂದು ಚೊಂಬು ನೀರು ಹಾಕಿದ ಹಾಗೆ. ಇದೇನು ಹೊಸ ಸಂಗತಿಯಲ್ಲ. 1971ರಲ್ಲೇ ಜರ್ಮನಿಯ ವೈದ್ಯರು ಇದನ್ನು ಗಮನಿಸಿ ಬರೆದಿದ್ದರು.

ಆಮೇಲೆ ಮುಟ್ಟು ನಿಂತೇ ಹೋಯಿತು. ಇಲ್ಲಿ ಹೆಚ್ಚು ಎಚ್ಚರ ಬೇಕು. ಟಿ.ಬಿ. ಬಂದು ತೂಕ ಇಳಿದವರಿಗೆ ಮುಟ್ಟು ಏರುಪೇರಾಗುವುದು, ನಿಲ್ಲುವುದು ನಿಜಕ್ಕೂ ಉಂಟು. ಮಾತ್ರೆಯಿಂದ ವಾಕರಿಕೆ ಬರುವುದೂ ಉಂಟು. ಸುಸ್ತಂತೂ ಇದ್ದೇ ಇರುತ್ತದೆ. ಹಾಗಾಗಿ ಬಸಿರಿನ ಒಂದೊಂದು ಲಕ್ಷಣಕ್ಕೂ ರೋಗದ್ದೋ ಮಾತ್ರೆಯದ್ದೋ ಒಂದು ಕಾರಣ ಸಿದ್ಧವಾಗಿರುತ್ತದೆ, ಸುತ್ತಲಿನವರೆಲ್ಲ ಅದನ್ನೇ ಹೇಳುತ್ತಾರೆ. ಮುಟ್ಟು ಒಂದು ವಾರ ಮುಂದೆ ಹೋದರೂ ಪರೀಕ್ಷೆ ಮಾಡಿಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಕಿಟ್ ಸಾಕು, ಆಶಾ ಕಾರ್ಯಕರ್ತೆಯರ ಹತ್ತಿರವೂ ಇರುತ್ತದೆ.

ಬಸಿರು ಅಂತ ತಿಳಿದಾಗ ಮನೆಯ ಹಿರಿಯರು ಮೊದಲು ಹೇಳಿದ್ದು, ಆ ಉಷ್ಣದ ಮಾತ್ರೆ ನಿಲ್ಲಿಸು, ಕೂಸಿಗೆ ಆಗಲ್ಲ ಅಂತ. ನಾನು ನಿಲ್ಲಿಸಲಿಲ್ಲ, ತಜ್ಞೆಯ ಹತ್ತಿರ ಓಡಿದೆ. ರಿಫಾಂಪಿಸಿನ್, ಐಸೋನಿಯಾಜಿಡ್, ಎಥಾಂಬ್ಯುಟಾಲ್ ಬಸಿರಿನಲ್ಲೂ ಕೊಡುವ ಔಷಧಿಗಳೇ, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ತಾಯಿ ಮಗು ಇಬ್ಬರಿಗೂ ಅಪಾಯ, ರೋಗ ಔಷಧಿಗೆ ಬಗ್ಗದ ಹಾಗೆ ಆಗಬಹುದು ಅಂದರು. ಜೊತೆಗೆ ಬಿ6 ಮಾತ್ರೆ ಕೊಟ್ಟರು. ಟಿ.ಬಿ.ಗೆ ಹಿಂದಿನಿಂದ ಬಂದಿರುವ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಮಾತ್ರ ಬಸುರಿಯರಿಗೆ ಕೂಡದು, ಮಗುವಿನ ಕಿವಿ ಕೇಳದೆ ಹೋಗಬಹುದು. ಬಸಿರು ಬೇಡವಾದರೆ ಗರ್ಭಪಾತಕ್ಕೆ ಕಾನೂನಿನಲ್ಲಿ ದಾರಿಯಿದೆ ಅಂತಲೂ ಅವರು ತಿಳಿಸಿದರು. ಗರ್ಭನಿರೋಧಕ ಕೈಕೊಟ್ಟದ್ದು ಕೂಡ ಅಲ್ಲಿ ಒಪ್ಪುವ ಕಾರಣ, 2021ರ ತಿದ್ದುಪಡಿಯ ನಂತರ ಮದುವೆಯಾಗದವರಿಗೂ ಅದು ಅನ್ವಯಿಸುತ್ತದೆ. ಆದರೆ ಟಿ.ಬಿ. ಚಿಕಿತ್ಸೆಯಲ್ಲಿರುವವರು ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದು ತಾವೇ ನುಂಗುವುದು ಖಂಡಿತ ಬೇಡ.

ನಾವು ಮಗುವನ್ನು ಉಳಿಸಿಕೊಂಡೆವು, ಚೆನ್ನಾಗಿದೆ. ಆದರೆ ರೋಗದಿಂದ ಸೊರಗಿದ ಮೈಯಲ್ಲಿ ಬಸಿರು ಹೊರುವುದು ಏನು ಅಂತ ನನಗೆ ಗೊತ್ತು. ಮಗುವಿನ ಮೇಲಿನ ಪ್ರೀತಿ ಬೇರೆ, ನನ್ನನ್ನು ಕೇಳದೆ ಬಂದ ಆ ಭಾರ ಬೇರೆ.

ಚಿಕಿತ್ಸೆ ನಡೆಯುವಾಗ ಏನು ಮಾಡಬಹುದು? ಕಾಪರ್-ಟಿಗೆ ರಿಫಾಂಪಿಸಿನ್‌ನಿಂದ ಏನೂ ಆಗುವುದಿಲ್ಲ, ಅದರಲ್ಲಿ ಹಾರ್ಮೋನೇ ಇಲ್ಲ. ಮೂರು ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಅಂತರಾ ಇಂಜೆಕ್ಷನ್ನೂ ನಡೆಯುತ್ತದೆ. ಕಾಂಡೋಮ್ ಅಂತೂ ಇದ್ದೇ ಇದೆ, ಗಂಡಸರೂ ಒಂದಿಷ್ಟು ಹೊಣೆ ಹೊರಲಿ. ಸಂಪರ್ಕವಾದ 72 ಗಂಟೆಯೊಳಗೆ ನುಂಗುವ ತುರ್ತು ಗರ್ಭನಿರೋಧಕ ಮಾತ್ರೆಯ ಬಲವೂ ರಿಫಾಂಪಿಸಿನ್ ಇದ್ದಾಗ ಕುಂದುತ್ತದೆ. ಅಂಥ ಸಂದರ್ಭದಲ್ಲಿ ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಳ್ಳುವುದು ಹೆಚ್ಚು ಭರವಸೆಯದು. ಕೊನೆಯ ಟಿ.ಬಿ. ಮಾತ್ರೆ ನುಂಗಿದ ಮೇಲೂ ನಾಲ್ಕು ವಾರ ಬರೀ ಗುಳಿಗೆಯನ್ನು ನಂಬಬೇಡಿ, ಲಿವರ್ ಹಳೆಯ ಹದಕ್ಕೆ ಮರಳಲು ಅಷ್ಟು ಸಮಯ ಬೇಕು.

ಇದನ್ನು ಓದಿ ಎಲ್ಲ ಆಂಟಿಬಯಾಟಿಕ್‌ಗೂ ಹೆದರಬೇಡಿ. ಗಂಟಲು ನೋವಿಗೆ, ಮೂತ್ರದ ಸೋಂಕಿಗೆ ಕೊಡುವ ಅಮಾಕ್ಸಿಸಿಲಿನ್, ಅಜಿತ್ರೊಮೈಸಿನ್‌ನಂಥವು ಗುಳಿಗೆಯನ್ನು ಹೀಗೆ ಕೆಡಿಸುವುದಿಲ್ಲ. ಅವುಗಳಿಂದ ಜೋರು ವಾಂತಿ ಭೇದಿಯಾದರೆ ಮಾತ್ರ ಗುಳಿಗೆ ಮೈಗೆ ಹತ್ತಿರುವುದಿಲ್ಲ. ಹುಳುಕಡ್ಡಿಗೆ ಕೊಡುವ ಗ್ರೈಸಿಯೋಫಲ್ವಿನ್ ವಿಷಯದಲ್ಲಿ ಮಾತ್ರ ಡಾಕ್ಟರನ್ನು ಕೇಳಿಕೊಳ್ಳಿ.

ಇನ್ನೊಂದು ಮಾತು. ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಟಿ.ಬಿ. ಬಂದರೆ ಉಳಿದವರಿಗೆ ಮುಂಜಾಗ್ರತೆಗೆ ವಾರಕ್ಕೊಮ್ಮೆಯಂತೆ 12 ವಾರ ಕೊಡುವ ಮಾತ್ರೆಯೂ ಇದೆ. ಅದರಲ್ಲಿರುವ ರಿಫಾಪೆಂಟಿನ್ ಕೂಡ ರಿಫಾಂಪಿಸಿನ್ ಜಾತಿಯದೇ, ಗುಳಿಗೆಗೆ ಅದೂ ಅಡ್ಡ ಬರುತ್ತದೆ. ಕಾಯಿಲೆಯೇ ಇಲ್ಲದ ಸೊಸೆಯೋ ನಾದಿನಿಯೋ ಅದನ್ನು ತಗೊಳ್ಳುವಾಗ ಈ ಯೋಚನೆ ಯಾರಿಗೂ ಬರುವುದಿಲ್ಲ. ನಮ್ಮ ಓರಗಿತ್ತಿಗೆ ಆ ಮಾತ್ರೆ ಬರೆದಾಗ ನಾನೇ ಜೊತೆಗೆ ಹೋಗಿ ಡಾಕ್ಟರಿಗೆ ಹೇಳಿದೆ. ಅವಳು ಮೊದಲು ಕಾಪರ್-ಟಿ ಹಾಕಿಸಿಕೊಂಡು, ಆಮೇಲೆ ಮಾತ್ರೆ ಶುರುಮಾಡಿದಳು.