ಕೆಂಪು ನೆಲದ ಹಾಲಿಗೆ ಯಾವ ಅಂಚು? ನಾಲ್ಕು ಬಣ್ಣ ಹಚ್ಚಿ ನೋಡಿದ್ದು

ನಮ್ಮ ಮನೆ ಫ್ರೇಜರ್ ಟೌನಿನಲ್ಲಿ. 1898ರ ಪ್ಲೇಗಿನ ನಂತರ ಜನ ಗಾಳಿ ಬೆಳಕಿರುವ ಕಡೆ ಬದುಕಲಿ ಅಂತ ಹಾಕಿದ ಬಡಾವಣೆ ಇದು, 1906ರಲ್ಲಿ ಅಡಿಗಲ್ಲು ಇಟ್ಟದ್ದು. ಮನೆ ನಮ್ಮ ಮಾವನವರ ತಂದೆ ಕೊಂಡದ್ದು. ಹಾಲಿನಲ್ಲಿ ಎತ್ತರದ ಸೂರು, ರೆಡ್ ಆಕ್ಸೈಡ್ ನೆಲ, ಹೊರಗೆ ಮಂಕಿ ಟಾಪ್ (ಕಿಟಕಿಯ ಮೇಲೆ ಚಾಚಿದ ಮರದ ಪಟ್ಟಿಗಳ ಚೂಪು ಮಾಡು) ಇರುವ ಎರಡು ಕಿಟಕಿ, ಅವುಗಳ ಎದುರು ಗೋಡೆಯಲ್ಲಿ ಒಂದು ಫೈರ್‌ಪ್ಲೇಸ್. ಅತ್ತೆ ಅದನ್ನು ಬೆಂಕಿಗೂಡು ಅನ್ನುತ್ತಾರೆ, ನನಗೂ ಅದೇ ರೂಢಿಯಾಗಿದೆ. ಬೆಂಗಳೂರಿಗೆ ಬೆಂಕಿಗೂಡು ಯಾತಕ್ಕೆ ಎಂದು ಬಂದವರೆಲ್ಲ ಕೇಳುತ್ತಾರೆ. 1884ರ ಜನವರಿ 13ರಂದು ಈ ಊರಿನಲ್ಲಿ 7.8 ಡಿಗ್ರಿ ಚಳಿ ದಾಖಲಾಗಿದೆ. ಆ ಕಾಲದ ಚಳಿ ಕಂಡವರು ಕಟ್ಟಿಸಿದ ದಂಡಿನ ಬಂಗಲೆಗಳಲ್ಲಿ ಇವು ಇನ್ನೂ ಅಲ್ಲಲ್ಲಿ ಉಳಿದಿವೆ. ನಮ್ಮದರಲ್ಲಿ ಬೆಂಕಿ ಹಾಕಿ ಮೂವತ್ತು ವರ್ಷವಾಗಿರಬೇಕು. ಆದರೆ ದಸರೆಯಲ್ಲಿ ಪಟ್ಟದ ಗೊಂಬೆ ಕೂರುವುದು ಅದರ ಮೇಲಿನ ಹಲಗೆಯ ಮೇಲೆಯೇ.

ಈ ಸಲ ಗೌರಿ ಹಬ್ಬಕ್ಕೆ ಮೊದಲು ಗೋಡೆಗೆಲ್ಲ ತೆಳು ಬೆಣ್ಣೆ ಬಣ್ಣ ಹೊಡೆಸಿದೆವು. ಅದರಲ್ಲಿ ಚರ್ಚೆಯೇ ಇರಲಿಲ್ಲ. ತಲೆಕೆಡಿಸಿದ್ದು ಬಾಗಿಲು ಕಿಟಕಿಗಳ ಚೌಕಟ್ಟು ಮತ್ತು ಬೆಂಕಿಗೂಡು. ಅಂಗಡಿಯ ಶೇಡ್ ಕಾರ್ಡಿನಲ್ಲಿ ಬೆರಳುಗುರಿನಷ್ಟು ಚೌಕ ನೋಡಿ ನಿರ್ಧರಿಸಲು ನನಗೆ ಧೈರ್ಯ ಬರಲಿಲ್ಲ. ಎರಡು ಕಿಟಕಿಗೆ ನಾಲ್ಕು ಬಾಗಿಲು. 200 ಮಿಲಿಯ ನಾಲ್ಕು ಎನಾಮಲ್ ಡಬ್ಬಿ ತಂದು ಒಂದೊಂದು ಬಾಗಿಲಿಗೂ ಅದರ ಪಕ್ಕದ ಚೌಕಟ್ಟಿಗೂ ಒಂದೊಂದು ಬಣ್ಣ ಹಚ್ಚಿಸಿದೆ: ಅಚ್ಚ ಬಿಳಿ, ಐವರಿ, ತಿಳಿ ಬೂದು, ಬಾಟಲ್ ಗ್ರೀನ್. ಹನ್ನೆರಡು ದಿನ ಹಾಗೇ ಬಿಟ್ಟು ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿದೆವು.

ಬಣ್ಣಕ್ಕೆ ಮುಂಚೆ ಒಂದು ಮಾತು. ಪೇಂಟಿಂಗ್ ಮೇಸ್ತ್ರಿ ಕಿಟಕಿಯ ಮೂಲೆಯಲ್ಲಿ ಪಟ್ಟಿಯಿಂದ ಓರೆಯಾಗಿ ಕೆರೆದಾಗ ಈರುಳ್ಳಿಯ ಪದರದಂತೆ ಒಂದರ ಕೆಳಗೊಂದು ಬಣ್ಣ ಕಂಡವು: ಮೇಲೆ ಕಂದು, ಆಮೇಲೆ ಆಕಾಶನೀಲಿ, ಅದರ ಕೆಳಗೆ ಕೆನೆ, ಮರಕ್ಕೆ ಅಂಟಿಕೊಂಡಂತೆ ಕಡುಹಸಿರು. ನೋಡಲು ಚೆಂದ, ಆದರೆ ನನಗೆ ಭಯವಾದದ್ದೂ ಅಲ್ಲೇ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರಬಹುದು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಮನೆಯಲ್ಲಿ ಮೂರು ವರ್ಷದ ಮಗು ಇದೆ. ಹಾಗಾಗಿ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸುವುದು ಬೇಡವೇ ಬೇಡ ಎಂದೆ. ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿಸಿ, ಮಗುವನ್ನು ನಾದಿನಿ ಮನೆಗೆ ಕಳಿಸಿದೆವು. ಒಂದು ದಿನ ಹೆಚ್ಚು ಹಿಡಿಯಿತು, ಹಿಡಿಯಲಿ.

ಬೂದು ಬಣ್ಣದ ಕಥೆ ಬೇಗ ಮುಗಿಯಿತು. ಹೊಸ ಅಪಾರ್ಟ್‌ಮೆಂಟಿನ ಬಿಳಿ ಟೈಲ್ಸಿಗೆ ಅದು ಒಪ್ಪುತ್ತದೆ. ನಮ್ಮ ಕೆಂಪು ನೆಲದ ಮೇಲೆ ಪ್ರೈಮರ್ ಹಚ್ಚಿ ಬಣ್ಣ ಮರೆತ ಹಾಗೆ ಕಂಡಿತು. ಮೂರನೇ ದಿನಕ್ಕೇ ಬಿಟ್ಟೆವು.

ಅಚ್ಚ ಬಿಳಿಯ ಮೇಲೆ ನನಗೆ ತುಂಬ ಆಸೆಯಿತ್ತು. ಮೊದಲ ದಿನ ಬೆಳಿಗ್ಗೆ ಕೋಣೆಯೇ ತೊಳೆದಂತೆ ಕಂಡಿತ್ತು ಕೂಡ. ಮಧ್ಯಾಹ್ನ ಮೂರಕ್ಕೆ ಬಿಸಿಲು ಒಳಗೆ ಬಂದು ನೆಲಕ್ಕೆ ಬಿದ್ದಾಗ ಚೌಕಟ್ಟಿನ ಕೆಳಗಿನ ಒಂದು ಅಡಿ ಗುಲಾಬಿಯಾಯಿತು, ಯಾರೋ ಕುಂಕುಮದ ಕೈ ಒರೆಸಿದ ಹಾಗೆ. ಬಣ್ಣದ ತಪ್ಪಲ್ಲ ಅದು, ನೆಲದ ಕೆಂಪು ಎದ್ದು ಬಂದು ಬಿಳಿಯ ಮೇಲೆ ಕೂರುತ್ತಿತ್ತು. ಸಂಜೆ ತಣ್ಣನೆಯ ಬಿಳಿ ಬೆಳಕಿನ, 6500 ಕೆಲ್ವಿನ್‌ನ ಟ್ಯೂಬ್‌ಲೈಟ್ ಹಾಕಿದರೆ ಅದೇ ಚೌಕಟ್ಟು ನೀಲಿಗೆ ತಿರುಗುತ್ತಿತ್ತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಹೊಸದಾಗಿ ಹೊಡೆಸಿದ ಬೆಣ್ಣೆ ಬಣ್ಣದ ಗೋಡೆ ಆ ಬಿಳಿಯ ಪಕ್ಕದಲ್ಲಿ ಹಳೆಯದಾಗಿ, ಮಾಸಿದಂತೆ ಕಾಣತೊಡಗಿತು. ದುಡ್ಡು ಕೊಟ್ಟು ಹೊಡೆಸಿದ ಗೋಡೆಯನ್ನು ಕಿಟಕಿಯೊಂದು ಕೊಳೆ ಮಾಡಿಬಿಟ್ಟಿತು.

ಅತ್ತೆ ಹಾಲಿನ ನಡುವೆ ಕುರ್ಚಿ ಹಾಕಿಕೊಂಡು ಕೂತು ನೋಡಿ ಹೇಳಿದ್ದು ಇದು: "ಅಂಚು ಅಂದ್ರೆ ಒಡಲನ್ನ ಎತ್ತಿ ತೋರಿಸ್ಬೇಕಮ್ಮ. ಕಣ್ಣು ಅಂಚಲ್ಲೇ ಸಿಕ್ಕಿಹಾಕ್ಕೊಂಡ್ರೆ ಸೀರೆ ಯಾರು ನೋಡ್ತಾರೆ?" ನಾನು ಅಷ್ಟು ದಿನ ಗೋಡೆಯನ್ನೇ ಒಡಲು ಅಂದುಕೊಂಡಿದ್ದೆ. ಈ ಹಾಲಿನ ಒಡಲು ನೆಲ. ನೂರು ವರ್ಷದ ಹತ್ತಿರ ಸವೆದು, ಎಣ್ಣೆ ಹಾಕಿ ಒರೆಸಿ, ಮುಖ ಕಾಣುವ ಹಾಗೆ ಹೊಳೆಯುವ ಆ ಕೆಂಪು. ಅದಾದ ಮೇಲೆ ಅವೇ ಬಣ್ಣಗಳನ್ನು ರಟ್ಟುಗಳಿಗೂ ಹಚ್ಚಿ, ಗೋಡೆಗೆ ಒರಗಿಸುವ ಬದಲು ನೆಲಕ್ಕೆ ತಾಗಿಸಿಯೇ ನೋಡತೊಡಗಿದೆ.

ಐವರಿ ಗೆದ್ದದ್ದು ಅಲ್ಲಿ. ಅದರಲ್ಲೇ ಒಂದಿಷ್ಟು ಹಳದಿಯ ಬಿಸುಪು ಇರುವುದರಿಂದ ನೆಲದ ಕೆಂಪು ಬಂದು ಬಿದ್ದರೂ ಕಲೆಯಂತೆ ಕಾಣುವುದಿಲ್ಲ, ಹದವಾಗಿ ಕಾಯಿಸಿದ ಹಾಲಿನ ಕೆನೆಯಂತೆ ಕಾಣುತ್ತದೆ. ಗೋಡೆಗಿಂತ ಒಂದು ಮೆಟ್ಟಿಲು ತಿಳಿ, ಅಷ್ಟೇ. ಟ್ಯೂಬ್‌ಲೈಟಿನಲ್ಲಿ ಸ್ವಲ್ಪ ಸಪ್ಪೆಯಾಗುತ್ತದೆ ಎಂಬುದು ನಿಜ. ಹಳದಿ ಬೆಳಕಿನ, 3000 ಕೆಲ್ವಿನ್‌ನ ಬಲ್ಬು ಹಾಕಿದ ಮೇಲೆ ಸರಿಹೋಯಿತು.

ಬಾಟಲ್ ಗ್ರೀನ್ ಕೈಬಿಡಲು ನನಗೆ ನೋವಾಯಿತು. ಮರಕ್ಕೆ ಮೊಟ್ಟಮೊದಲು ಹಚ್ಚಿದ್ದು ಅದೇ ಬಣ್ಣವಲ್ಲವೆ! ಆದರೆ ಹಗಲಲ್ಲಿ ಕಿಟಕಿಯ ಹಿಂದಿನಿಂದ ಬೆಳಕು ಬರುವಾಗ ಕಡು ಬಣ್ಣದ ಚೌಕಟ್ಟು ಹಸಿರಾಗಿ ಕಾಣುವುದೇ ಇಲ್ಲ, ಕಪ್ಪು ಗೆರೆಯಾಗುತ್ತದೆ. ಮಂಕಿ ಟಾಪ್ ಮೊದಲೇ ಅರ್ಧ ಬೆಳಕು ತಡೆಯುತ್ತದೆ, ಉಳಿದರ್ಧವನ್ನು ಇದು ನುಂಗಿತು. ಧೂಳು ಕೂಡ ಎರಡೇ ದಿನಕ್ಕೆ ಎದ್ದು ಕಾಣುತ್ತಿತ್ತು.

ಬೆಂಕಿಗೂಡಿನ ವಿಷಯದಲ್ಲಿ ಈ ಲೆಕ್ಕವೇ ತಿರುವುಮುರುವಾಯಿತು. ಅದು ಕಿಟಕಿಗಳ ಎದುರಿಗಿದೆ, ಬೆಳಕು ನೇರವಾಗಿ ಅದರ ಮುಖಕ್ಕೆ ಬೀಳುತ್ತದೆ. ಎರಡಡಿ ಅಗಲದ ರಟ್ಟುಗಳಿಗೆ ಬಣ್ಣ ಹಚ್ಚಿ ಒಂದೊಂದಾಗಿ ಕಟ್ಟಿ ನೋಡಿದೆ. ಗೋಡೆಯ ಬಣ್ಣವನ್ನೇ ಹಚ್ಚಿದರೆ ಗೂಡು ಇದ್ದೂ ಇಲ್ಲದಂತಾಯಿತು. ಅಷ್ಟು ಚೆನ್ನಾಗಿ ಗಾರೆಯಲ್ಲಿ ಹೂಬಳ್ಳಿ ಎತ್ತಿದವರ ಕೆಲಸ ಮುಚ್ಚಿಹೋಯಿತು. ಕಪ್ಪು ಹಚ್ಚಿದರೆ ಒಳಗಿನ ಕತ್ತಲೂ ಹೊರಗಿನ ಅಂಚೂ ಒಂದಾಗಿ ಗೋಡೆಗೆ ತೂತು ಬಿದ್ದಂತಾಯಿತು. ಐವರಿ ಒಳ್ಳೆಯದಿತ್ತು, ಯಾರಾದರೂ ಕೇಳಿದರೆ ಅಪಾಯವಿಲ್ಲದ ಆಯ್ಕೆ ಅದೇ ಎಂದು ಹೇಳುತ್ತೇನೆ. ಆದರೆ ಹಸಿರು ರಟ್ಟು ಕಟ್ಟಿದ ಸಂಜೆ ಅತ್ತೆ ಏನೂ ಹೇಳದೆ ಎದ್ದು ಹೋಗಿ ಹಿತ್ತಾಳೆಯ ದೀಪದ ಕಂಬವೊಂದನ್ನು ತಂದು ಹಲಗೆಯ ಮೇಲಿಟ್ಟರು. ಹಿತ್ತಾಳೆ ಬಂಗಾರದಂತೆ ಎದ್ದು ಕಂಡಿತು. ಕೆಳಗೆ ನೆಲದ ಕೆಂಪು ಇನ್ನಷ್ಟು ಕೆಂಪಾಯಿತು. ಕೆಂಪು ಒಡಲಿಗೆ ಹಸಿರು ಅಂಚು ನೇಯ್ದವರಿಗೆ ಇದು ಎಂದೋ ಗೊತ್ತಿತ್ತು.

ಇಲ್ಲೊಂದು ಎಡವಟ್ಟಾಯಿತು. ಗೂಡಿನ ಮುಖಕ್ಕೆ ಮೊದಲು ಸಾದಾ ನೀರಿನ ಪ್ರೈಮರ್ ಹೊಡೆಸಿದ್ದೆವು. ಎರಡನೇ ದಿನ ಮೇಲಿನ ಅಂಚಿನಲ್ಲಿ ಕಾಫಿ ಡಿಕಾಕ್ಷನ್ ಚೆಲ್ಲಿದಂತೆ ಕಂದು ಕಲೆ ಮೂಡಿತು. ಇನ್ನೊಂದು ಕೋಟ್ ಹಾಕಿದರೂ ಮತ್ತೆ ಬಂತು. ಗಾರೆಯೊಳಗೆ ಇಳಿದ ಹಳೆಯ ಹೊಗೆಮಸಿ ನೀರಿನ ಬಣ್ಣದ ಜೊತೆ ಮೇಲೇರುತ್ತದೆ. ಮಸಿಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಎಣ್ಣೆಯ ಪ್ರೈಮರ್ ಹಚ್ಚಿದ ಮೇಲೆ ನಿಂತಿತು. ಗೂಡಿನ ಒಳಗೆ ಹೊಳಪಿಲ್ಲದ ಕಪ್ಪು ಹಚ್ಚಿದ್ದೇವೆ. ನಾವು ಬೆಂಕಿ ಹಾಕುವುದಿಲ್ಲ, ಚಿಮಣಿಗೆ ತಗಡು ಮುಚ್ಚಿದೆ. ನೀವು ಬೆಂಕಿ ಹಾಕುವವರಾದರೆ ಒಳಗೆ ಶಾಖ ತಡೆಯುವ ಬಣ್ಣವೇ ಬೇಕು, ಸಾದಾ ಎನಾಮಲ್ ಗುಳ್ಳೆ ಏಳುತ್ತದೆ.

ಚೌಕಟ್ಟಿಗೆ ಎಣ್ಣೆಯ ಎನಾಮಲ್ಲೋ ನೀರಿನದ್ದೋ ಎಂಬುದು ಉಳಿದಿತ್ತು. ಪ್ರಯೋಗಕ್ಕೆ ತಂದದ್ದು ಎಣ್ಣೆಯದು. ಮಳೆಗಾಲದ ತೇವಕ್ಕೆ ಮರುದಿನವೂ ಬೆರಳಿಗೆ ಅಂಟುತ್ತಿತ್ತು, ವಾಸನೆ ವಾರವಿಡೀ ಇತ್ತು. ಮಲಗುವ ಕೋಣೆಯ ಬಾಗಿಲಿಗೆ ನಾಲ್ಕು ವರ್ಷದ ಹಿಂದೆ ಎಣ್ಣೆಯ ಬಿಳಿ ಹೊಡೆಸಿದ್ದೆವು. ಬೀರು ಸರಿಸಿ ನೋಡಿದರೆ ಬೆಳಕು ಬೀಳದ ಭಾಗವೆಲ್ಲ ಅರಿಶಿನದ ನೀರಾಗಿದೆ. ಆದ್ದರಿಂದ ನೀರಿನ ಎನಾಮಲ್ ತೆಗೆದುಕೊಂಡೆವು, ಸ್ಯಾಟಿನ್ ಎಂಬ ಮಂದ ಹೊಳಪಿನದು. ಪೂರ್ತಿ ಹೊಳಪಿನದು ಹಾಕಿದರೆ ಹಳೆಯ ಮರದ ಒಂದೊಂದು ತಗ್ಗೂ ಲೆಕ್ಕಕ್ಕೆ ಸಿಗುತ್ತದೆ. ಹಳೆಯ ಎಣ್ಣೆ ಬಣ್ಣದ ಮೇಲೆ ನೀರಿನದು ಹಿಡಿಯಬೇಕಾದರೆ ಮೊದಲು ಹೊಳಪು ಹೋಗುವಷ್ಟು ಉಜ್ಜಿ ಪ್ರೈಮರ್ ಹಚ್ಚಲೇಬೇಕು. ಅದನ್ನು ಬಿಟ್ಟರೆ ಉಗುರಲ್ಲಿ ಸಿಪ್ಪೆಯಂತೆ ಏಳುತ್ತದೆ.

ಗೋಡೆಯ ಬುಡದ ಆರಂಗುಲ ಪಟ್ಟಿಯನ್ನೂ ಐವರಿ ಮಾಡೋಣ ಎಂದು ಮೇಸ್ತ್ರಿ ಒಂದು ಮಾರು ಹಚ್ಚಿದ್ದರು. ನೆಲ ಒರೆಸುವ ನೀರು ತಾಗಿ ಮೂರೇ ದಿನಕ್ಕೆ ಕಂದಾಯಿತು. ಅದನ್ನು ಕೆರೆಸಿ ಮೊದಲಿನ ರೆಡ್ ಆಕ್ಸೈಡ್ ಪಟ್ಟಿಯನ್ನೇ ಉಳಿಸಿಕೊಂಡೆವು. ಊಟದ ಕೋಣೆಯ ಎರಡು ಕಿಟಕಿ ಬಾಕಿ ಇವೆ. ಡಬ್ಬಿಯಲ್ಲಿ ಉಳಿದ ಐವರಿ ಅವಕ್ಕೆ ಸಾಕಾಗಬಹುದು. ಸಾಕಾಗದಿದ್ದರೆ ಇರಲಿ ಎಂದು ಶೇಡಿನ ನಂಬರನ್ನು ಬೆಂಕಿಗೂಡಿನ ಹಲಗೆಯ ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.