ಇಟಲಿಯ ಜಿನೋವಾ ಹಳೇ ಬಂದರಿನ ಗಲಾಟಾ ಸಾಗರ ಮ್ಯೂಸಿಯಂ: ಅರ್ಧ ದಿನ ಇಟ್ಟುಕೊಂಡೇ ಹೋಗಿ

ಪಿಯಾಝಾ ಪ್ರಿಂಚಿಪೆ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು; ಮೆಟ್ರೊ ಆದರೆ ದಾರ್ಸೆನಾದಲ್ಲಿ ಇಳಿಯಿರಿ. 2004ರಲ್ಲಿ ತೆರೆದ ಈ ಮ್ಯೂಸಿಯಂನ ನಿಜವಾದ ಆಕರ್ಷಣೆ 17ನೇ ಶತಮಾನದ ಜಿನೋವಾ ಗ್ಯಾಲಿಯ ಪ್ರತಿರೂಪ. ಸುಮಾರು 40 ಮೀಟರ್ ಉದ್ದದ ಈ ಹುಟ್ಟುಹಡಗಿನ ಪಕ್ಕ ನಿಂತರೆ, ಸರಪಳಿ ಬಿಗಿಸಿಕೊಂಡು ಹುಟ್ಟು ಹಾಕಿದವರ ಪಾಡು ಅರ್ಥವಾಗುತ್ತದೆ. ಕೊಲಂಬಸ್ ವಿಭಾಗ ಪರವಾಗಿಲ್ಲ, ಅಷ್ಟೇ.

ಹೊರಗೆ ನೀರಲ್ಲಿರುವ ‘ನಾಝಾರಿಯೊ ಸೌರೊ’ ಜಲಾಂತರ್ಗಾಮಿಯ ಒಳಭಾಗ ತೀರಾ ಇಕ್ಕಟ್ಟು. ಕಿರಿದಾದ ಬಾಗಿಲುಗಳಲ್ಲಿ ತಲೆ ತಗ್ಗಿಸಿ, ಕಾಲೆತ್ತಿ ದಾಟಬೇಕು. ಮಂಡಿನೋವಿದ್ದವರು, ಇಕ್ಕಟ್ಟು ಜಾಗ ಕಂಡರೆ ಉಸಿರುಗಟ್ಟುವವರು ಬಿಟ್ಟುಬಿಡುವುದೇ ಲೇಸು. ಅದು ತೆರೆದಿದೆಯೇ ಎಂದು ಟಿಕೆಟ್ ಕೊಳ್ಳುವ ಮುನ್ನವೇ ಕೇಳಿಕೊಳ್ಳಿ.

ಮೇಲ್ಛಾವಣಿಯನ್ನು ಮಾತ್ರ ತಪ್ಪಿಸಬೇಡಿ. 1543ರ ಲ್ಯಾಂಟರ್ನಾ ದೀಪಸ್ತಂಭ, ಬಂದರು, ಬೆಟ್ಟಕ್ಕೆ ಹತ್ತಿದ ಊರು ಎಲ್ಲವೂ ಅಲ್ಲಿಂದ ಕಾಣುತ್ತವೆ. ಬೇಸಿಗೆಯಲ್ಲಿ ನಡುಮಧ್ಯಾಹ್ನ ಬೇಡ, ಬಿಸಿಲು ಸುಡುತ್ತದೆ.